ಅಟ್ಟದ ಕೊಬ್ಬರಿಗೆ ಬೆಂಕಿ ಸೋಕಿಲ್ಲ

ಬುಕ್ಕಾಂಬುಧಿ,
ಅಜ್ಜಂಪುರದ ಹತ್ತಿರ
17-9-1984, ಸೋಮವಾರ

ಪ್ರೀತಿಯ ಪಂಚಾಕ್ಷರಣ್ಣನಿಗೆ ತಂಗಿ ಕಾಶಮ್ಮನ ಶರಣು.

ಹೇಗಿದ್ದೀಯ? ಎದೆನೋವು ಮತ್ತೆ ಕಾಣಿಸಿಕೊಂಡಿಲ್ಲ ತಾನೆ? ಮಂಡಿಗೆ ಹಚ್ಚಿಕೊಳ್ಳಲು ಕಳಿಸಿದ್ದ ಎಣ್ಣೆ ಮುಗಿದಿದ್ದರೆ ಬರಿ, ಮತ್ತೆ ಕಳಿಸುತ್ತೇನೆ. ನಿಮ್ಮ ಪ್ರಕೃತಿ ಚಿಕಿತ್ಸೆಯ ಆಶ್ರಮದಲ್ಲಿ ಬೆಳಗಿನ ಜಾವವೇ ತಣ್ಣೀರಿನ ತೊಟ್ಟಿಯಲ್ಲಿ ಕೂರಿಸುತ್ತಾರೆ ಅಂದಿದ್ದೆ. ಅರವತ್ತು ದಾಟಿದವನಿಗೆ ಚಳಿಗಾಲದಲ್ಲೂ ಅದು ಬೇಕಾ ಅಂತ ಅಲ್ಲಿಯವರನ್ನು ಒಂದು ಮಾತು ಕೇಳು. ಅತ್ತಿಗೆ ಬದುಕಿದ್ದಿದ್ದರೆ ಅವಳೇ ಬಂದು ಕೇಳುತ್ತಿದ್ದಳು. ಅವಳು ಹೋಗಿ ಐದು ವರ್ಷವಾಯಿತು, ಈಗ ನಿನ್ನನ್ನು ಕೇಳುವವಳು ನಾನೊಬ್ಬಳೇ. ಮಫ್ಲರ್ ಸುತ್ತಿಕೊಂಡೇ ಹೊರಗೆ ಹೋಗು. ಕ್ಷೇಮ ಸಮಾಚಾರ ಇಲ್ಲಿಗೆ ಮುಗಿಯಿತು. ಇಲ್ಲಿಂದ ಮುಂದೆ ಬೈಗುಳ. ಅರ್ಧಕ್ಕೆ ಮಡಿಸಿ ದಿಂಬಿನ ಕೆಳಗೆ ಇಟ್ಟುಬಿಡಬೇಡ, ಪೂರ್ತಿ ಓದು.

ಮೊನ್ನೆ ಶುಕ್ರವಾರ ನಿನ್ನ ಕಾರ್ಡು ಬಂತು. ಇವರ ರಕ್ತಪರೀಕ್ಷೆ ಮಾಡಿಸಿದೆವು, ಕೊಲೆಸ್ಟರಾಲ್ ಮುನ್ನೂರ ಹತ್ತೊಂಬತ್ತು ಬಂದಿದೆ, ತರೀಕೆರೆ ಡಾಕ್ಟರು ಬೈದು ಕಳಿಸಿದರು, ನನಗೆ ಕೈಕಾಲೇ ಆಡುತ್ತಿಲ್ಲ ಅಂತ ನಾನು ಬರೆದಿದ್ದೆ. ಅದಕ್ಕೆ ನೀನು ಬರೆದಿದ್ದೇನು? "ಹೆದರಬೇಡ. ದೇಹ ಶುದ್ಧಿಯಾಗುವಾಗ ಒಳಗೆ ಕೂತಿದ್ದ ಕಲ್ಮಷ ಕರಗಿ ರಕ್ತಕ್ಕೆ ಬರುತ್ತದೆ. ಏರಿಕೆ ಒಳ್ಳೆಯ ಲಕ್ಷಣ. ಷಣ್ಮುಖಪ್ಪನವರಿಗೆ ನನ್ನ ಅಭಿನಂದನೆ ತಿಳಿಸು." ಅಭಿನಂದನೆ ಅಂತೆ! ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದವರಿಗೆ ಹೇಳುವ ಹಾಗೆ. ಮೂವತ್ತೈದು ವರ್ಷ ಮಿಡ್ಲ್ ಸ್ಕೂಲಿನಲ್ಲಿ ಮಾರ್ಕ್ಸ್ ಹಾಕಿ ಹಾಕಿ, ಯಾವ ನಂಬರು ಜಾಸ್ತಿ ಬಂದರೂ ನಿನಗೆ ಖುಷಿಯೇ ಆಗುತ್ತದೆ ಅಂತ ಕಾಣುತ್ತದೆ. ಇವರು ಆ ಕಾರ್ಡನ್ನು ಎರಡು ಸಲ ಓದಿ, ಕಣ್ಣಿಗೊತ್ತಿಕೊಂಡು, ಗೋಡೆ ಮೇಲೆ ಗುರುಗಳ ಫೋಟೋದ ಕೆಳಗೆ ಸಿಕ್ಕಿಸಿದ್ದಾರೆ. ಕಿತ್ತು ಒಲೆಗೆ ಹಾಕಬೇಕು ಅಂತ ಮೂರು ಸಲ ಕೈ ಎತ್ತಿದೆ. ಗುರುಗಳ ಮುಖ ನೋಡಿ ಸುಮ್ಮನಾದೆ.

ನೀನು ಹೋದ ದೀಪಾವಳಿಗೆ ಬಂದಾಗ ನಾನು ಎಷ್ಟು ಸಂತೋಷಪಟ್ಟಿದ್ದೆ ಅಂತ ನಿನಗೂ ಗೊತ್ತು. ಹಾರ್ಟ್ ಅಟ್ಯಾಕ್ ಆಗಿ, ಮಗ್ಗುಲು ಬದಲಾಯಿಸಲೂ ಆಗದೆ ಮಲಗಿದ್ದವನು, ಆಶ್ರಮ ಸೇರಿ ಒಂದೂವರೆ ವರ್ಷಕ್ಕೆ ಹೊಟ್ಟೆ ಕರಗಿಸಿಕೊಂಡು, ಬಸ್ ಇಳಿದು, ಚೀಲ ಹೆಗಲಿಗೆ ಹಾಕಿಕೊಂಡು ಕೆರೆ ಏರಿ ಮೇಲೆ ನಡೆದೇ ಬಂದೆ. ನಿನ್ನನ್ನು ನೋಡಿ ಅತ್ತಿದ್ದೆ. ಅದೇ ತಿಂಗಳು ಇವರಿಗೂ ಕೊಲೆಸ್ಟರಾಲ್ ಇನ್ನೂರ ಅರವತ್ತೆಂಟು ಅಂತ ಬಂದಿತ್ತು. ಮುದ್ದೆಯಲ್ಲಿ ಗುಳಿ ಮಾಡಿ ತುಪ್ಪ ನಿಲ್ಲಿಸಿಕೊಂಡು ಉಣ್ಣುವ ಮನುಷ್ಯ, ಬರದೆ ಇನ್ನೇನು. ನೀನು ಜಗಲಿ ಮೇಲೆ ಕೂತು ಹದಿನೈದು ದಿನ ಪಾಠ ಮಾಡಿದೆ. ಬೆಂಕಿ ಸೋಕಿದ್ದು ಬೇಡ, ಕೆಚ್ಚಲಿನಿಂದ ಬಂದದ್ದು ಬೇಡ. ಹಾಲು, ಮೊಸರು, ತುಪ್ಪ, ಮುದ್ದೆ, ಅನ್ನ, ಸಾರು ಎಲ್ಲಾ ಬಿಡಿ. ಸೌತೆಕಾಯಿ, ಮೊಳಕೆ ಕಾಳು, ಹಣ್ಣು, ಕಾಯಿ ತಿನ್ನಿ. ಕೊಲೆಸ್ಟರಾಲ್ ಇರುವುದು ಪ್ರಾಣಿಯ ಕೊಬ್ಬಿನಲ್ಲಿ, ಗಿಡಮರದಲ್ಲಿ ಹುಡುಕಿದರೂ ಸಿಗದು, ಆದ್ದರಿಂದ ಗಿಡ ಕೊಟ್ಟದ್ದನ್ನು ಹೊಟ್ಟೆ ತುಂಬ ತಿನ್ನಿ. ಇವೆಲ್ಲ ನಿನ್ನ ಮಾತುಗಳೇ, ನಾನು ಒಂದಕ್ಷರ ಸೇರಿಸಿಲ್ಲ. ಹೊರಡುವ ದಿನ ಬೆಳಿಗ್ಗೆ, ಇವರು ಪೂಜೆ ಮುಗಿಸಿ ಏಳುವುದನ್ನೇ ಕಾದಿದ್ದು, ಕೊರಳಿನ ಲಿಂಗ ಮುಟ್ಟಿಸಿ ಮಾತು ತಗೊಂಡೆ. ನೀನು ಬಿಡು ಅನ್ನುವವರೆಗೆ ಈ ಪಥ್ಯ ಬಿಡಬಾರದು ಅಂತ. ಆಗ ನಾನು ಬಾಗಿಲಲ್ಲೇ ನಿಂತಿದ್ದೆ. ಲಿಂಗ ಮುಟ್ಟಿಸುವಂಥದ್ದು ಇದರಲ್ಲಿ ಏನಿದೆ ಅಂತ ಅನ್ನಿಸಿತು.

ನ್ಯಾಯವಾಗಿ ಹೇಳಬೇಕು ಅಂದರೆ ಮೊದಲ ಮೂರು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ಹೆಸರುಕಾಳು ನೆನೆಸಿ ಬಟ್ಟೆಯಲ್ಲಿ ಕಟ್ಟುವುದು, ಸೌತೆಕಾಯಿ ಹೆಚ್ಚುವುದು, ಪರಂಗಿಹಣ್ಣು ಹುಡುಕಿಸುವುದು, ಇದೇ ನನ್ನ ಕೆಲಸ. ಫೆಬ್ರವರಿಯಲ್ಲಿ ರಕ್ತ ಕೊಟ್ಟರೆ ಇನ್ನೂರ ಮೂವತ್ತೊಂದಕ್ಕೆ ಇಳಿದಿತ್ತು. ಆ ನಂಬರಿಗಾಗಿ ನಾನು ಏನೇನು ನುಂಗಿಕೊಂಡೆ ಅಂತ ನಿನಗೆ ಗೊತ್ತಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮಗಳ ಸೀಮಂತಕ್ಕೆ ಕಡೂರಿಗೆ ಹೋಗಿದ್ದೆವು. ಬೀಗಿತಿ ಕಾಂತಮ್ಮ ಬೇರೆಯವರ ಕೈಗೆ ಕೊಡದೆ ತಾನೇ ಒಬ್ಬಟ್ಟು ಹಿಡಿದು, ತುಪ್ಪದ ಗಿಂಡಿ ಹಿಡಿದು ಬಂದರು. ಇವರು ಎರಡೂ ಕೈಯಲ್ಲಿ ಎಲೆ ಮುಚ್ಚಿ, "ಕ್ಷಮಿಸ್ಬೇಕು ತಾಯಿ, ಬೆಂದಿದ್ದು ಮುಟ್ಟಲ್ಲ" ಅಂದವರೇ ಚೀಲದಿಂದ ಸೌತೆಕಾಯಿ, ಚಾಕು ತೆಗೆದು ಪಂಕ್ತಿಯ ನಡುವೆ ಹೆಚ್ಚಿಕೊಳ್ಳಲು ಕೂತರು. ಅತ್ತ ಇತ್ತ ಇದ್ದವರೆಲ್ಲ ಕೈ ನಿಲ್ಲಿಸಿಬಿಟ್ಟರು. ಬೀಗರ ಮನೆಯ ಎಲೆಯಲ್ಲಿ ಉಪ್ಪು ಕೂಡ ನಾಲಿಗೆಗೆ ಸೋಕಿಸದೆ ಎದ್ದರೆ ನಮ್ಮ ಕಡೆ ಅದಕ್ಕೇನು ಅರ್ಥ ಅಂತ ನೀನೇ ಹೇಳು. ಕಾಂತಮ್ಮ ಒಳಗೆ ಹೋಗಿ ಮಗಳನ್ನು ಕೇಳಿದರಂತೆ, "ನಮ್ಮನೆ ಊಟದಲ್ಲಿ ಏನ್ ಕೊರೆ ಕಾಣ್ತಮ್ಮಾ ನಿಮ್ಮಪ್ಪಾಜಿಗೆ?" ಬಸುರಿ ಹುಡುಗಿ ಆ ದಿನ ಅತ್ತಿದ್ದಾಳೆ. ಆದರೂ ನಾನು ನಿನಗೆ ಒಂದು ಗೆರೆ ಬರೆಯಲಿಲ್ಲ. ಹೋಗಲಿ, ನಂಬರು ಇಳಿಯಿತಲ್ಲ ಅಂದುಕೊಂಡೆ.

ಎಲ್ಲ ಕೆಟ್ಟಿದ್ದು ಶಿವರಾತ್ರಿಯಿಂದ ಈಚೆಗೆ. ತೋಟದಲ್ಲಿ ನೀರು ತಿರುಗಿಸುವ, ಗರಿ ಎಳೆಯುವ, ಕಾಯಿ ಕೆಡವಿಸುವ ಮನುಷ್ಯನಿಗೆ ಸೌತೆಕಾಯಿ ಎಷ್ಟು ಹೊತ್ತು ತಡೆಯುತ್ತದೆ? ಮಧ್ಯಾಹ್ನ ನಾಲ್ಕು ಗಂಟೆಗೆಲ್ಲ ಕೆಲಸ ಬಿಟ್ಟು ಬದುವಿನ ಮೇಲೆ ಕೂತುಬಿಡುವರು. ಹಸಿವು ಅಂತ ನನ್ನ ಹತ್ತಿರ ಹೇಳಿದರೆ ಮುದ್ದೆ ಬಡಿಸಿಬಿಡುತ್ತೇನೆ ಅಂತ ಹೆದರಿ ನಿನಗೆ ಕಾಗದ ಬರೆದರು, ಕೊಬ್ಬರಿ ತಿನ್ನಬಹುದಾ ಅಂತ. ನಮ್ಮಲ್ಲಿ ಕೊಬ್ಬರಿ ಹೇಗಾಗುತ್ತದೆ ಅಂತ ನಿನಗೆ ಯಾರೂ ಕಲಿಸಬೇಕಾಗಿಲ್ಲ, ನೀನು ಹುಟ್ಟಿದ್ದೂ ಅಂಥ ಅಟ್ಟದ ಕೆಳಗೇ. ಬೇರೆ ಊರುಗಳಲ್ಲಿ ಕಾಯಿ ಒಡೆದು ಬಿಸಿಲಿಗೆ ಹರಡುತ್ತಾರೆ, ಇಲ್ಲ ಬೆಂಕಿ ಹಾಕಿ ಒಣಗಿಸುತ್ತಾರೆ. ನಾವು ಸಿಪ್ಪೆಯ ಸಮೇತ ಅಟ್ಟದ ಮೇಲೆ ಸುರಿದು ವರ್ಷಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ತಾನಾಗೇ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಿ, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಅದನ್ನೇ ನೆನಪಿಟ್ಟುಕೊಂಡು ನೀನು ತೀರ್ಪು ಕೊಟ್ಟೆ. "ಅಟ್ಟದ ಕೊಬ್ಬರಿಗೆ ಬೆಂಕಿ ಸೋಕಿಲ್ಲ. ಅದು ಮರ ಕೊಟ್ಟ ಶುದ್ಧ ಹಸಿ ಆಹಾರ. ಧಾರಾಳವಾಗಿ ತಿನ್ನಬಹುದು." ಬೆಂಕಿ ಸೋಕಿದೆಯೋ ಇಲ್ಲವೋ ಅಂತ ಅಷ್ಟು ಸೂಕ್ಷ್ಮವಾಗಿ ಯೋಚನೆ ಮಾಡಿದವನಿಗೆ, ಎಷ್ಟು ತಿನ್ನಬೇಕು ಅಂತ ಒಂದು ಮಾತು ಬರೆಯಲು ಕಾರ್ಡಿನಲ್ಲಿ ಜಾಗ ಇರಲಿಲ್ಲವಾ? ಧಾರಾಳ ಅನ್ನುವುದು ಒಂದು ಅಳತೆಯಾ? ಇವರು ಬೆಳಿಗ್ಗೆ ಒಂದು ಉಂಡೆ, ಮಧ್ಯಾಹ್ನ ಬಾಳೆಹಣ್ಣಿನ ಜೊತೆ ಒಂದು ಉಂಡೆ, ಸಾಯಂಕಾಲ ನೆನೆಸಿದ ಕಡ್ಲೆಕಾಯಿ ಬೀಜದ ಜೊತೆ ಇನ್ನರ್ಧ, ಹೀಗೆ ತಿಂದರು. ಇಪ್ಪತ್ತು ವರ್ಷದಿಂದ ನಮ್ಮ ಕಾಯಿ ಸುಲಿದು ಕೊಬ್ಬರಿ ಬಿಡಿಸುವ ಗಿಡ್ಡಪ್ಪ, ಒಡಕು ಬಂದ ಉಂಡೆಗಳನ್ನೆಲ್ಲ ಇವರಿಗೆ ಅಂತ ಬುಟ್ಟಿಯಲ್ಲಿ ಎತ್ತಿಡುತ್ತಿದ್ದ. ಒಂದು ದಿನ ಅವನು, "ಯಜಮಾನ್ರು ತಿನ್ನಾದ್ ನೋಡುದ್ರೆ ಈ ವರ್ಸ ಕೊಬ್ರಿ ಮಂಡಿಗೆ ಬರೀ ಚಿಪ್ಪು ಹೋಯ್ತವೆ ಕಣ್ರವ್ವಾ" ಅಂದ. ನಾನು ನಕ್ಕುಬಿಟ್ಟೆ. ನಕ್ಕಿದ್ದಕ್ಕೆ ಈಗ ನನ್ನ ಮೇಲೂ ಸಿಟ್ಟು ಬರುತ್ತದೆ, ಆದರೆ ಅದರಲ್ಲಿ ನಿನ್ನ ಪಾಲು ಕಡಿಮೆ ಮಾಡುವುದಿಲ್ಲ.

ಮೋಸ ಏನಾಯಿತು ಅಂದರೆ, ಮೈ ಮಾತ್ರ ತೆಳ್ಳಗೇ ಇತ್ತು. ಊರಿನವರೆಲ್ಲ ಹತ್ತು ವರ್ಷ ಚಿಕ್ಕವರಾದಿರಿ ಅಂತ ಹೊಗಳುವವರೇ. ಎಮ್ಮೆದೊಡ್ಡಿ ಕಡೆಯಿಂದ ಎತ್ತು ತೋರಿಸಲು ಬಂದಿದ್ದವರೊಬ್ಬರು ಇವರನ್ನು ಇವರ ತಮ್ಮ ಅಂದುಕೊಂಡು ಮಾತಾಡಿಸಿ ಹೋದರು. ಅವತ್ತಿಡೀ ಇವರು ಮೀಸೆ ತಿರುವಿಕೊಂಡು ಓಡಾಡಿದರು. ಶ್ರಾವಣದಲ್ಲಿ ಒಂದು ಸೋಮವಾರ ಕೆರೆ ಏರಿ ಹತ್ತುವಾಗ ಮೂರು ಕಡೆ ನಿಂತರು. ಒಂದೊಂದು ಸಲವೂ ಬಗ್ಗಿ, ಚಪ್ಪಲಿಗೆ ಕಲ್ಲು ಸಿಕ್ಕಿತು ಅಂದರು. ನಾನು ನೋಡಿದೆ, ಕಲ್ಲೂ ಇರಲಿಲ್ಲ ಮಣ್ಣೂ ಇರಲಿಲ್ಲ. ಹಣೆಯಲ್ಲಿ ಮಾತ್ರ ಬೆವರು ಕೂತಿತ್ತು. ಮಾರನೇ ದಿನವೇ ಹಟ ಹಿಡಿದು ತರೀಕೆರೆಗೆ ಕರೆದುಕೊಂಡು ಹೋದೆ. ಅಲ್ಲಿ ರಕ್ತ ತೆಗೆದು ಶಿವಮೊಗ್ಗಕ್ಕೆ ಕಳಿಸಿದರು. ವಾರದ ಮೇಲೆ ಚೀಟಿ ಬಂತು, ಮುನ್ನೂರ ಹತ್ತೊಂಬತ್ತು.

ಡಾಕ್ಟರು ಮೊದಲು ತುಪ್ಪ ಎಷ್ಟು ತಿನ್ನುತ್ತೀರಿ ಅಂತ ಕೇಳಿದರು. ತುಪ್ಪ ಮುಟ್ಟಿ ಹತ್ತು ತಿಂಗಳಾಯಿತು ಅಂದೆವು. ಬೆಣ್ಣೆ? ಇಲ್ಲ. ಹಾಲು? ಇಲ್ಲ. ಮಾಂಸ ನಮ್ಮ ಮನೆಯಲ್ಲಿ ಎಲ್ಲಿಂದ ಬರಬೇಕು. ಅವರು ಪೆನ್ನು ಕೆಳಗಿಟ್ಟು, ಮತ್ತೇನು ತಿನ್ನುತ್ತೀರಿ ಹೇಳಿ ಅಂದರು. ಇವರು ಎದೆಯುಬ್ಬಿಸಿ ನಿನ್ನ ಪಾಠವನ್ನೆಲ್ಲ ಒಪ್ಪಿಸಿದರು, ಕೊಬ್ಬರಿ ಸಮೇತ. ಡಾಕ್ಟರಿಗೆ ಮೊದಲು ನಗು ಬಂತು, ಆಮೇಲೆ ಕೋಪ ಬಂತು. ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ, ಸರಿಯಾಗಿ ಓದು, ಮೇಷ್ಟ್ರಾಗಿ ಓದಬೇಡ. ಕೊಬ್ಬರಿಯಲ್ಲಿ ಕೊಲೆಸ್ಟರಾಲ್ ಇಲ್ಲ, ಅದು ನಿಜ, ನೀನು ಹೇಳಿದ್ದು ಅಷ್ಟು ಸರಿ. ಆದರೆ ಕೊಲೆಸ್ಟರಾಲ್ ಬಾಯಿಂದ ಮಾತ್ರ ಬರುವುದಲ್ಲ. ನಮ್ಮ ಲಿವರ್ ತಾನೇ ಅದನ್ನು ತಯಾರಿಸುತ್ತದೆ, ರಕ್ತದಲ್ಲಿ ಹೆಚ್ಚಾದದ್ದನ್ನು ಎಳೆದುಕೊಂಡು ತೆಗೆಯುವುದೂ ಅದೇ. ಗಟ್ಟಿ ಜಾತಿಯ ಕೊಬ್ಬು ಬಹಳ ಹೋದರೆ ಈ ತೆಗೆಯುವ ಕೆಲಸ ಹಿಂದೆ ಬೀಳುತ್ತದೆ, ರಕ್ತದಲ್ಲಿ ಹಾಗೇ ಉಳಿಯುತ್ತದೆ. ಆ ಕೊಬ್ಬು ಹಸುವಿನದೋ ಮರದ್ದೋ, ಬೇಯಿಸಿದ್ದೋ ಹಸಿಯದೋ ಅಂತ ಲಿವರ್ ಜಾತಿ ಕೇಳುವುದಿಲ್ಲವಂತೆ. ಗಟ್ಟಿ ಯಾವುದು ಅಂತ ತಿಳಿಯಬೇಕಾದರೆ ಚಳಿಗಾಲದಲ್ಲಿ ಬಾಟ್ಲಿ ನೋಡಿ ಅಂದರು. ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿ ಕೂರುತ್ತದೆ, ಹುಚ್ಚೆಳ್ಳೆಣ್ಣೆ, ಕಡ್ಲೆಕಾಯಿ ಎಣ್ಣೆ ಹಾಗೆ ಕೂರುವುದಿಲ್ಲ, ಅವು ಎದೆಗೆ ಇಷ್ಟು ಕೇಡು ಮಾಡುವುದಿಲ್ಲ. ಅದರ ಮೇಲೆ ಹಸಿ ಕಾಯಿಯಲ್ಲಾದರೆ ಅರ್ಧದಷ್ಟು ನೀರಾದರೂ ಇರುತ್ತದೆ. ಅಟ್ಟದಲ್ಲಿ ವರ್ಷ ಮಲಗಿಸಿ ಆ ನೀರನ್ನೂ ಕಳೆದರೆ ಉಳಿಯುವುದರಲ್ಲಿ ಮುಕ್ಕಾಲಿಗೆ ಹತ್ತಿರ ಬರೀ ಎಣ್ಣೆ. ಅಂದರೆ ಇವರು ತುಪ್ಪ ಬಿಟ್ಟು, ತುಪ್ಪಕ್ಕಿಂತ ಗಟ್ಟಿ ಕೊಬ್ಬನ್ನು ದಿನಕ್ಕೆ ಎರಡೂವರೆ ಉಂಡೆ ಅಗಿದಿದ್ದಾರೆ. ಮೊದಲ ಮೂರು ತಿಂಗಳು ಇಳಿದಿದ್ದು ತುಪ್ಪ ಬಿಟ್ಟಿದ್ದಕ್ಕೆ, ಕಾಳು ಸೊಪ್ಪು ತಿಂದಿದ್ದಕ್ಕೆ. ಆಮೇಲೆ ಏರಿದ್ದು ನಿನ್ನ ಧಾರಾಳಕ್ಕೆ. ಡಾಕ್ಟರೇನು ಹಸಿ ತರಕಾರಿಯ ವೈರಿಯಲ್ಲ. ಮೊಳಕೆ ಕಾಳು ತಿನ್ನಲಿ, ಸೌತೆಕಾಯಿ ತಿನ್ನಲಿ, ಒಂದು ಹಿಡಿ ಕಡ್ಲೆಕಾಯಿ ತಿನ್ನಲಿ, ಹಸಿವಿಗೆ ರಾಗಿಮುದ್ದೆ ಉಣ್ಣಲಿ, ಮುದ್ದೆ ಯಾವ ತಪ್ಪೂ ಮಾಡಿಲ್ಲ, ಕೊಬ್ಬರಿ ಮಾತ್ರ ಇವತ್ತೇ ನಿಲ್ಲಬೇಕು ಅಂದರು. ಇಷ್ಟನ್ನು ಕೇಳಿ ನನಗೆ ನಾಚಿಕೆಯಾಯಿತು. ಪ್ರತಿ ಡಿಸೆಂಬರಿನಲ್ಲಿ ಕೊಬ್ಬರಿ ಎಣ್ಣೆ ಬಾಟ್ಲಿಯನ್ನು ಬಿಸಿಲಿಗಿಟ್ಟು ಕರಗಿಸುವವಳು ನಾನೇ. ನನಗೂ ಹೊಳೆಯಲಿಲ್ಲ.

ಬಸ್ಸಿನಲ್ಲಿ ಅಮೃತಾಪುರದವರು ಯಾರೋ ಪರಿಚಯದವರು ಹತ್ತಿ ನಮಸ್ಕಾರ ಅಂದರೂ ಇವರು ಕಿಟಕಿ ಕಡೆಗೇ ನೋಡುತ್ತಾ ಕೂತಿದ್ದರು. ಮನೆಗೆ ಬಂದು ಕಾಲು ತೊಳೆದುಕೊಂಡು, ಬುಟ್ಟಿಯಿಂದ ಒಂದು ಉಂಡೆ ತೆಗೆದರು. ನಾನು ಕೈ ಹಿಡಿದುಕೊಂಡೆ. "ಬಿಡೇ, ಡಾಕ್ಟ್ರು ಪುಸ್ತಕ ಓದಿ ಹೇಳ್ತಾರೆ, ನಿಮ್ಮಣ್ಣ ಸತ್ತು ಬದುಕಿ ಬಂದು ಹೇಳ್ತಾನೆ. ಲಿಂಗ ಮುಟ್ಟಿ ಮಾತ್ ಕೊಟ್ಟಿದೀನಿ ಕಣೇ, ಭಾವ ಬಿಡು ಅನ್ಲಿ, ಈ ಗಳಿಗೇಲೆ ಬಿಡ್ತೀನಿ" ಅಂದರು. ನಿನ್ನನ್ನು ಅಷ್ಟು ನಂಬಿದ್ದಾರೆ. ಅದಕ್ಕೇ ನಾನು ನಿನಗೆ ಅಷ್ಟು ಉದ್ದ ಬರೆದದ್ದು. ಬಿಡು ಅನ್ನುವ ಎರಡಕ್ಷರ ಬರೆದಿದ್ದರೆ ಸಾಕಾಗಿತ್ತು. ನೀನು ಅಭಿನಂದನೆ ಕಳಿಸಿದೆ. ಆ ಕಾರ್ಡು ಬಂದ ದಿನ ಇವರು ಎರಡೂವರೆ ಅಲ್ಲ, ಮೂರು ಉಂಡೆ ತಿಂದರು.

ಅಣ್ಣಾ, ನಾನು ಒಂದು ಮಾತು ಕೇಳುತ್ತೇನೆ. ನಿನಗೆ ಅಲ್ಲಿ ತಟ್ಟೆ ತೂಗಿ ಕೊಡುತ್ತಾರೆ. ಹೋದ ವರ್ಷದ ನಿನ್ನ ಕಾಗದ ನನ್ನ ಪೆಟ್ಟಿಗೆಯಲ್ಲಿದೆ, ಅದರಲ್ಲಿ ನೀನೇ ಬರೆದಿದ್ದೀಯ, ಕಾಯಿತುರಿ ದಿ‌ನಕ್ಕೆ ಎರಡು ಚಮಚ, ಅದೂ ವಾರಕ್ಕೆ ನಾಲ್ಕು ದಿನ ಅಂತ. ಆ ಚಮಚದ ವಿಷಯ ಜಗಲಿಯ ಮೇಲಿನ ಪಾಠದಲ್ಲಿ ಯಾಕೆ ಬರಲಿಲ್ಲ? ಮರೆತೆ ಅನ್ನಬೇಡ. ಚಮಚದ ಮಾತು ಎತ್ತಿದರೆ, ಗಿಡ ಕೊಟ್ಟದ್ದೆಲ್ಲ ಅಮೃತ ಅನ್ನುವ ನಿನ್ನ ಭಾಷಣದ ಗತ್ತು ಕಡಿಮೆಯಾಗುತ್ತಿತ್ತು. ಚಿಕ್ಕಂದಿನಿಂದ ನಿನ್ನನ್ನು ನೋಡಿದ್ದೇನೆ. ಅಪ್ಪ ಬಾವಿ ತೋಡಿಸಿದಾಗ ಜಾಗ ಗುರುತು ಮಾಡಿದವನು ನೀನು. ನಲವತ್ತು ಅಡಿಗೆ ಬಂಡೆ ಸಿಕ್ಕಿದರೂ ಇನ್ನು ಹತ್ತು ಅಡಿ ಅಂದೆ, ಐವತ್ತಕ್ಕೂ ಬಂಡೆಯೇ, ಮತ್ತೆ ಹತ್ತು ಅಂದೆ. ಕೊನೆಗೆ ಅಪ್ಪನೇ ಕೆಲಸದವರನ್ನು ವಾಪಸ್ ಕಳಿಸಿದರು. ಇವತ್ತಿಗೂ ಅದು ಒಣಬಾವಿ, ಇವತ್ತಿಗೂ ನೀನು ಜಾಗ ತಪ್ಪಾಯಿತು ಅಂದಿಲ್ಲ, ಕೆಲಸದವರು ಸೋಮಾರಿಗಳು ಅನ್ನುತ್ತೀಯ. ಬಾವಿ ಒಣಗಿದರೆ ಹಾಳಾಗಿ ಹೋಗಲಿ ಅಂತ ಮುಳ್ಳು ಮುಚ್ಚಿ ಬಿಡಬಹುದು. ಇಲ್ಲಿ ಇರುವುದು ನನ್ನ ಗಂಡನ ಎದೆ. ನಾನು ಅದರ ಮೇಲೆ ನಿನ್ನ ಹಟ ನಡೆಯಲು ಬಿಡುವುದಿಲ್ಲ.

ನನಗೆ ಭಯವಾಗಿದೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಆದರೆ ಒಳಗೆ ಇರುವುದು ಭಯವೇ. ಮದುವೆಯಾಗಿ ಮೂವತ್ತೆಂಟು ವರ್ಷ ಎದುರಿಗೆ ಕೂತು ಬಿಸಿ ಮುದ್ದೆ ಬಡಿಸಿದ್ದೇನೆ. ಸಾರು ಸಾಲದು, ಉಪ್ಪು ಜಾಸ್ತಿ ಅಂತ ದಿನಾ ಒಂದು ತಕರಾರು ಇರುತ್ತಿತ್ತು. ಈ ಹತ್ತು ತಿಂಗಳಿಂದ ಒಬ್ಬಳಿಗೇ ಒಂದು ಹಿಡಿ ಹಿಟ್ಟಿನ ಮುದ್ದೆ ತೊಳಸಿಕೊಂಡು, ಒಲೆ ಹತ್ತಿರ ಕೂತು, ಗಂಟಲಿಗೆ ಇಳಿಸಿ ಏಳುತ್ತೇನೆ. ತಕರಾರು ಹೇಳುವವರು ಹೊರಗೆ ಜಗಲಿಯಲ್ಲಿ ಕೊಬ್ಬರಿ ಅಗಿಯುತ್ತಿರುತ್ತಾರೆ. ಆ ಸದ್ದು ಒಳಗೆ ಕೇಳಿಸುತ್ತದೆ. ಒಂದೊಂದು ಸಲ ಸದ್ದು ನಿಂತರೆ ಕೈ ಹಾಗೇ ತಟ್ಟೆಯಲ್ಲಿ ನಿಲ್ಲುತ್ತದೆ, ಎದ್ದು ಹೋಗಿ ಬಾಗಿಲಿನಿಂದ ಇಣುಕಿ ನೋಡಿ ಬರುತ್ತೇನೆ.

ಆದ್ದರಿಂದ ನೀನು ಮಾಡಬೇಕಾದ್ದು ಇಷ್ಟು. ಈ ಕಾಗದ ಸೇರಿದ ದಿನವೇ ಇವರ ಹೆಸರಿಗೆ ನಾಲ್ಕು ಸಾಲು ಬರಿ. ಕೊಬ್ಬರಿಯ ವಿಷಯದಲ್ಲಿ ನಾನು ಹೇಳಿದ್ದು ತಪ್ಪಾಯಿತು. ಡಾಕ್ಟರು ಹೇಳಿದ ಹಾಗೆ ಕೇಳಿ. ಬೆಂದ ಊಟ ಮಾಡಿ. ನೀವು ನನಗೆ ಕೊಟ್ಟ ಮಾತಿನಿಂದ ಬಿಡುಗಡೆ ಮಾಡಿದ್ದೇನೆ. ಇಷ್ಟೇ. ಒಂದನೇ ಸಾಲು ಬರೆಯುವಾಗ ಕೈ ನಿಲ್ಲುತ್ತದೆ ಅಂತ ನನಗೆ ಗೊತ್ತು. ನಿಲ್ಲಲಿ, ನೀರು ಕುಡಿದು ಮತ್ತೆ ಬರಿ. ಶುದ್ಧಿ, ಕಲ್ಮಷ, ಲಕ್ಷಣ, ಇಂಥ ಪದ ಒಂದು ಕಂಡರೂ ನಾನೇ ಬಸ್ಸು ಹತ್ತಿ ಅಲ್ಲಿಗೆ ಬರುತ್ತೇನೆ, ನಿನ್ನ ಆಶ್ರಮದವರೆಲ್ಲರ ಎದುರಿಗೆ ಬೈಯುತ್ತೇನೆ. ನನ್ನ ಬಾಯಿ ನಿನಗೆ ಹೊಸದಲ್ಲ.

ಮಗಳು, ಮೊಮ್ಮಗು ಚೆನ್ನಾಗಿದ್ದಾರೆ. ಮಗುವಿಗೆ ಎರಡು ಹಲ್ಲು ಬಂದಿವೆ, ಸಿಕ್ಕವರ ಬೆರಳನ್ನೆಲ್ಲ ಕಚ್ಚುತ್ತದೆ. ಕಾಂತಮ್ಮ ಈಗ ಸ್ವಲ್ಪ ಮಾತಾಡುತ್ತಿದ್ದಾರೆ. ಗಿಡ್ಡಪ್ಪ ಮೇಷ್ಟ್ರಿಗೆ ನಮಸ್ಕಾರ ಅಂದಿದ್ದಾನೆ, ನಾನು ಬೇಡ ಅಂದರೂ ಬರೆಸಿದ್ದಾನೆ. ಗುರು ನಿನಗೆ ಆಯುಸ್ಸು ಆರೋಗ್ಯ ಕೊಡಲಿ, ಜೊತೆಗೆ ತಲೆ ಬಗ್ಗಿಸುವ ಬುದ್ಧಿಯನ್ನೂ ಕೊಡಲಿ.

ಸಿಟ್ಟಿನಲ್ಲಿರುವ ನಿನ್ನ ತಂಗಿ,
ಕಾಶಮ್ಮ

ವಿ.ಸೂ. — ಶನಿವಾರ, 22ನೇ ತಾರೀಖು. ಗಿಡ್ಡಪ್ಪ ಟಪಾಲಿಗೆ ಹೋಗಲು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮೇಲಿನ ಕಾಗದ ಸೋಮವಾರದ್ದು, ಇನ್ನೂ ಹಾಕಿಸಿರಲಿಲ್ಲ. ಬುಧವಾರ ಬೆಳಿಗ್ಗೆ ಇವರು ಕಾಯಿ ನೋಡಲು ಅಟ್ಟದ ಏಣಿ ಹತ್ತಿ, ಅರ್ಧದಲ್ಲಿ ಎದೆ ಹಿಡಿದುಕೊಂಡು ಕೂತುಬಿಟ್ಟರು. ಗಿಡ್ಡಪ್ಪನೂ ನಾನೂ ಇಳಿಸಿ, ಬಾಡಿಗೆ ವ್ಯಾನು ಮಾಡಿ ತರೀಕೆರೆಗೆ ಒಯ್ದೆವು. ಪ್ರಾಣಕ್ಕೆ ಏನೂ ಆಗಲಿಲ್ಲ, ಇದು ಮೊದಲ ಎಚ್ಚರಿಕೆ ಅಂದರು ಡಾಕ್ಟರು, ನಾಲಿಗೆ ಕೆಳಗಿಡುವ ಮಾತ್ರೆ ಕೊಟ್ಟಿದ್ದಾರೆ. ಅಲ್ಲಿ ಮಂಚದ ಮೇಲೆ ಮಲಗಿದ್ದಾಗಲೂ ಇವರ ಬಾಯಲ್ಲಿ ಅದೇ ಮಾತು, "ಭಾವ ಬಿಡು ಅನ್ಲಿ". ನಿನಗೆ ಟಪಾಲು ಮುಟ್ಟಿ, ನೀನು ಮೂರು ದಿನ ಯೋಚನೆ ಮಾಡಿ, ಅಲ್ಲಿಂದ ಉತ್ತರ ಬರುವವರೆಗೆ ನಾನು ಕಾಯಲಾರದೆ ಹೋದೆ. ಗುರುವಾರ ಮನೆಗೆ ಕರೆತಂದ ಮೇಲೆ, ಮಧ್ಯಾಹ್ನ ಇವರು ಮಲಗಿದ್ದಾಗ, ನೀನು ಬರೆಯಬೇಕಾಗಿದ್ದ ನಾಲ್ಕು ಸಾಲನ್ನು ನಾನೇ ಬರೆದೆ. ನಿನ್ನ ಅಕ್ಷರದಲ್ಲೇ ಬರೆದೆ. ಸ್ಲೇಟಿನ ಮೇಲೆ ಕೈ ಹಿಡಿದು ತಿದ್ದಿಸಿದವನು ನೀನೇ ತಾನೆ, ನಿನ್ನ ಹಾಗೆ ಬರೆಯಲು ನನಗೆ ಕಷ್ಟವಾಗಲಿಲ್ಲ. ಕೆಳಗೆ ನಿನ್ನ ಸಹಿ ಹಾಕಿ, ನಿನ್ನ ಹಳೆಯ ಕವರೊಂದರಲ್ಲಿಟ್ಟು ಗಿಡ್ಡಪ್ಪನ ಕೈಯಲ್ಲಿ ಕೊಡಿಸಿದೆ. ಈ ಸುಳ್ಳಿನ ಪಾಪ ನನ್ನದು, ಪೂಜೆಗೆ ಕೂತಾಗ ಹೇಳಿಕೊಂಡಿದ್ದೇನೆ. ಇವರು ಓದಿದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ತಪ್ಪಾಯ್ತು ಅಂತ ಬರೆದವ್ನೆ ಕಣೇ. ಎಂಥ ದೊಡ್ಡ ಮನುಷ್ಯ ನಿಮ್ಮಣ್ಣ!" ಅಂದರು. ಅವತ್ತು ಸಾಯಂಕಾಲ ಒಂದು ಮುದ್ದೆ, ಸೊಪ್ಪಿನ ಸಾರು ಉಂಡು, ಸಾರಿಗೆ ಉಪ್ಪು ಜಾಸ್ತಿ ಅಂದರು. ಉಳಿದ ಒಡಕು ಉಂಡೆಗಳನ್ನು ಗಿಡ್ಡಪ್ಪ ಗಾಣಕ್ಕೆ ಒಯ್ದ. "ಅದನ್ನು ಬರೆದದ್ದು ನಾನಲ್ಲ" ಅಂತ ನೀನು ಈ ಜನ್ಮದಲ್ಲಿ ಬಾಯಿ ಬಿಡಬಾರದು, ಬಂದಾಗ ಆ ದೊಡ್ಡತನವನ್ನು ಸುಮ್ಮನೆ ಹೊತ್ತುಕೊಂಡು ಕೂರಬೇಕು. ಇದರ ಜೊತೆಗೆ ಮಡಿಸಿಟ್ಟಿರುವ ಇನ್ನೊಂದು ಹಾಳೆ ಇವರದು. ನಿನ್ನಂಥವನಿಂದ ತಪ್ಪಾಯಿತು ಅನ್ನಿಸುವ ಸ್ಥಿತಿ ತಂದೆನಲ್ಲ ಅಂತ ಇವರು ನಿನ್ನ ಕ್ಷಮೆ ಕೇಳಿದ್ದಾರೆ. ಅದನ್ನು ಓದಿ ನಿನಗೆ ನಾಚಿಕೆಯಾದರೆ ಒಂದು ಉತ್ತರ ಬರಿ. ಆಗದಿದ್ದರೆ ಬಿಡು, ಅದನ್ನೂ ನಾನೇ ಬರೆದುಕೊಳ್ಳುತ್ತೇನೆ.